ನಮ್ಮ ಮನೆಯ ಮೂಕಪೆಟ್ಟಿಗೆ

ಮನೆಯಲ್ಲಿ ಒಂದು ವಸ್ತು ಕೆಟ್ಟರೆ ಅದನ್ನು ಸರಿಪಡಿಸಲು ಹೊರಡುವವರಲ್ಲಿ ಎರಡು ಪಂಗಡ. ತಿಳಿದು ಕೈಹಾಕುವವರದು ಒಂದು; ಕೈಹಾಕಿದ ಮೇಲೆ ತಿಳಿದುಕೊಳ್ಳುವವರದು ಇನ್ನೊಂದು. ನಾನು ಈ ಎರಡನೆಯ ಪಂಗಡಕ್ಕೆ ಸೇರಿದವನು. ನಮ್ಮ ಮನೆಯ ಗೋಡೆಗಡಿಯಾರ, ಇಸ್ತ್ರಿಪೆಟ್ಟಿಗೆ, ಮಗಳ ಮೂರು ಚಕ್ರದ ಸೈಕಲ್ಲು, ಇವು ಮೂರೂ ನನ್ನ ಕೈಗುಣಕ್ಕೆ ಸಾಕ್ಷಿಯಾಗಿ ಅಟ್ಟದ ಮೇಲೆ ವಿಶ್ರಮಿಸಿಕೊಳ್ಳುತ್ತಿವೆ. ಹೀಗಿರಲು, ಕನ್ನಡದಲ್ಲಿ ಎಂ.ಎ. ಮಾಡಿ, ವರ್ಷವರ್ಷವೂ ಹುಡುಗರಿಗೆ ಷಟ್ಪದಿಯ ಲಕ್ಷಣವನ್ನೂ ಸಂಧಿಸಮಾಸಗಳನ್ನೂ ಹೇಳುತ್ತ ಬಂದಿರುವ ನಾನು ಗಣಕಯಂತ್ರದ ಧ್ವನಿಯನ್ನು ದುರಸ್ತಿ ಮಾಡಲು ಕುಳಿತೆನೆಂದರೆ ನನ್ನ ಹೆಂಡತಿ ಹುಬ್ಬು ಗಂಟಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದಕ್ಕೆ ಕಾರಣವಿತ್ತು. ಕಾರಣವನ್ನು ಕೇಳಿದ ಮೇಲೆ ವಾಚಕರು ನಗುವುದಿದ್ದರೆ ನಗಬಹುದು.

ನನ್ನ ಲ್ಯಾಪ್‌ಟಾಪು ೨೦೧೭ರಲ್ಲಿ ಕೊಂಡದ್ದು. ಅದರಲ್ಲಿದ್ದ ವಿಂಡೋಸ್ ೧೦ ಎಂಬ ಕಾರ್ಯವ್ಯವಸ್ಥೆಗೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಮುಂದಿನದನ್ನು ಹಾಕಿಸೋಣವೆಂದರೆ ಅದು ಬಯಸುವ ಅಂಗಸೌಷ್ಠವ ನನ್ನ ಯಂತ್ರಕ್ಕೆ ಇರಲಿಲ್ಲ. ವಯಸ್ಸಾದ ಮೇಲೆ ಇಂಥ ತಿರಸ್ಕಾರ ಯಂತ್ರಕ್ಕೂ ತಪ್ಪದು, ಮನುಷ್ಯನಿಗೂ ತಪ್ಪದು. ಅದರಲ್ಲಿ ಯಾರ ತಪ್ಪೂ ಇಲ್ಲ. ಹೊಸ ಯಂತ್ರವನ್ನು ಕೊಳ್ಳುವಷ್ಟು ಹಣ ಆ ತಿಂಗಳು ನನ್ನ ಬಳಿ ಇರಲಿಲ್ಲ. ಆಗ ನಮ್ಮ ಕಾಲೇಜಿನ ಬಿ.ಸಿ.ಎ. ತರಗತಿಯ ಹುಡುಗನೊಬ್ಬನು, "ಸರ್, ಲಿನಕ್ಸ್ ಹಾಕಿಕೊಡುತ್ತೇನೆ. ಕಾಸು ಬೇಡ. ಇನ್ನು ಐದು ವರ್ಷ ಓಡುತ್ತದೆ" ಎಂದನು. ಕಾಸು ಬೇಡವೆಂಬ ಮಾತಿಗೆ ಉಪಾಧ್ಯಾಯನ ಹೃದಯ ಎಷ್ಟು ಬೇಗ ಕರಗುತ್ತದೆಂಬುದು ಉಪಾಧ್ಯಾಯರಿಗೇ ಗೊತ್ತು.

ಲಿನಕ್ಸ್ ಎಂಬುದರ ಕಥೆ ಸ್ವಾರಸ್ಯವಾದುದು. ೧೯೯೧ರ ಆಗಸ್ಟ್ ೨೫ರಂದು ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿಯೊಬ್ಬನು, ತಾನು ಹವ್ಯಾಸಕ್ಕೆಂದು ಒಂದು ಕಾರ್ಯವ್ಯವಸ್ಥೆಯನ್ನು ಬರೆಯುತ್ತಿದ್ದೇನೆಂದು ನಾಲ್ಕು ಜನಕ್ಕೆ ತಿಳಿಸಿದನು. ಅವನ ಹೆಸರು ಲೀನುಸ್ ಟೋರ್ವಾಲ್ಡ್ಸ್. ಆಗ ಅವನಿಗೆ ೨೧ ವರ್ಷ. ಅವನು ಬರೆದುದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ಲೋಕದ ನಾನಾ ಮೂಲೆಗಳ ಜನ ಹಾಗೆಯೇ ಓದಿದರು, ತಿದ್ದಿದರು, ಕೊಟ್ಟರು. ಒಬ್ಬನ ಹವ್ಯಾಸ ಸಾವಿರಾರು ಜನರ ಕೃತಿಯಾಯಿತು. ನಮ್ಮ ಜನಪದ ಕಾವ್ಯಗಳು ಬೆಳೆದ ರೀತಿಯೂ ಇದೇ ಅಲ್ಲವೇ ಎಂದು ನಾನು ಹುಡುಗನಿಗೆ ಹೇಳಿದೆ. ಅವನು ವಿನಯದಿಂದ ತಲೆಯಾಡಿಸಿ, ಕೆಲಸ ಮುಗಿಸಿ, ಕಾಫಿ ಕುಡಿದು ಹೋದನು. ಆ ವಾರವೇ ಅವನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಅವನು ಅತ್ತ ಹೋದನು. ನಾನೂ ಯಂತ್ರವೂ ಇತ್ತ ಉಳಿದೆವು.

ಯಂತ್ರವೇನೋ ಹೊಸ ಹುರುಪಿನಿಂದ ಓಡಿತು. ಕನ್ನಡ ಅಕ್ಷರಗಳು ಅಚ್ಚುಕಟ್ಟಾಗಿ ಮೂಡಿದವು. ಒಂದೇ ಒಂದು ಕೊರತೆ: ಅದು ಮಾತನಾಡುತ್ತಿರಲಿಲ್ಲ. ಹಾಡು ಹಾಕಿದರೆ ಪರದೆಯ ಮೇಲೆ ಗೆರೆ ಸಾಗುತ್ತಿತ್ತು, ನಿಮಿಷಗಳು ಕಳೆಯುತ್ತಿದ್ದವು, ಶಬ್ದ ಮಾತ್ರ ಇಲ್ಲ. ಎರಡು ತಿಂಗಳು ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದಿನಕ್ಕೆ ನಾಲ್ಕು ತರಗತಿ ಕೂಗಿ ಬರುವವನಿಗೆ ಮನೆಯಲ್ಲಿ ಒಂದು ಮೂಕಪ್ರಾಣಿ ಇದ್ದರೆ ಅದೂ ಒಂದು ಭಾಗ್ಯವೇ.

ಅಷ್ಟರಲ್ಲಿ ಅಮ್ಮ ಊರಿನಿಂದ ಬಂದಳು. ಹತ್ತು ದಿನ ಇದ್ದು ಹೋಗುವುದೆಂದು ಬಂದವಳು ತನ್ನ ಟ್ರಂಕಿನಿಂದ, ಹಳೆಯ ರವಿಕೆಯ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್ಟನ್ನು ತೆಗೆದು ನನ್ನ ಕೈಗಿತ್ತಳು. "ನೋಡು, ನಿಮ್ಮ ಅಪ್ಪ ಓದಿದ್ದು. ಅಟ್ಟ ಗುಡಿಸುವಾಗ ಸಿಕ್ಕಿತು" ಎಂದಳು.

ನಮ್ಮ ತಂದೆ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಸಂಜೆಯ ಹೊತ್ತು ದೇವಸ್ಥಾನದ ಜಗಲಿಯಲ್ಲಿ ಕುಮಾರವ್ಯಾಸ ಭಾರತವನ್ನು ಓದುತ್ತಿದ್ದರು. ಬಿರುದುಬಾವಲಿಗಳಿದ್ದ ಗಮಕಿಗಳಲ್ಲ, ನಮ್ಮ ಊರಿನ ಆಚೆಗೆ ಅವರ ಹೆಸರು ಹೋದದ್ದೂ ಇಲ್ಲ. ಮಳೆ ಹಿಂದೆಗೆದ ವರ್ಷ ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಹಿಂದಿನಿಂದ ಬಂದದ್ದು. ನಾನು ಎರಡನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಊರಿನ ಕಡೆ ಮುಂಗಾರು ತಡೆಯಿತು. ಅಪ್ಪ ವಿರಾಟಪರ್ವವನ್ನು ಓದಿದರು. ಊರಿನ ಯಾರದೋ ಟೇಪ್‌ರೆಕಾರ್ಡರಿನಲ್ಲಿ ಒಂದು ಸಂಜೆಯ ಓದು ಹಿಡಿಯಲ್ಪಟ್ಟಿತು. ೨೦೧೧ರಲ್ಲಿ ಅಪ್ಪ ತೀರಿಕೊಂಡರು. ಅವರ ಭಾವಚಿತ್ರಗಳು ಮೂರೋ ನಾಲ್ಕೋ ಇವೆ. ಧ್ವನಿ ಉಳಿದದ್ದು ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಅಮ್ಮನ ಕಿವಿಯೂ ಎರಡು ವರ್ಷಗಳಿಂದ ಮಂದವಾಗುತ್ತ ಬಂದಿದೆ. ಅವಳು ಏನನ್ನೂ ಕೇಳಲಿಲ್ಲ. ಕ್ಯಾಸೆಟ್ಟನ್ನು ಕೊಟ್ಟು ಒಳಗೆ ಹೋದಳು. ಅಷ್ಟೇ ಸಾಕಾಗಿತ್ತು.

ಪೇಟೆಯಲ್ಲಿ ರೇಡಿಯೋ ದುರಸ್ತಿಯ ಮುದುಕರೊಬ್ಬರಿದ್ದಾರೆ. ನಮ್ಮ ಹಳೆಯ ಟೇಪ್‌ರೆಕಾರ್ಡರಿಗೆ ಅವರೇ ಹೊಸ ರಬ್ಬರು ಪಟ್ಟಿಯನ್ನು ಹಾಕಿಕೊಟ್ಟರು. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ಅವರು ಹೇಳಿದ ಮಾತು ನನ್ನ ಎದೆಗೆ ನಾಟಿತು. "ಟೇಪಿನ ಮೇಲಿನ ಕಂದುಪುಡಿಯಲ್ಲೇ ಶಬ್ದವಿರುವುದು. ಆ ಪುಡಿ ಉದುರುತ್ತಿದೆ ಮೇಷ್ಟ್ರೇ. ಒಂದು ಸಲ ಓಡೀತು, ಹೆಚ್ಚೆಂದರೆ ಎರಡು ಸಲ. ಹಿಡಿದುಕೊಳ್ಳುವುದಿದ್ದರೆ ಮೊದಲನೆಯ ಸಲವೇ ಹಿಡಿದುಕೊಳ್ಳಿ."

ಕೈಯಲ್ಲಿ ದೂರವಾಣಿ ಇದೆಯಲ್ಲ, ಟೇಪಿನ ಮುಂದೆ ಅದನ್ನು ಇಟ್ಟರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಬೇರೊಂದು ಸಿನಿಮಾ ಹಾಡಿನ ಕ್ಯಾಸೆಟ್ಟನ್ನು ಹಾಕಿ ಹಾಗೂ ಪರೀಕ್ಷಿಸಿದೆ. ಹಾಡಿನ ಜೊತೆಗೆ ಫ್ಯಾನಿನ ಗಾಳಿ, ಪಕ್ಕದ ಮನೆಯ ಕುಕ್ಕರಿನ ಮೂರು ಸೀಟಿ, ಟೇಪಿನ ಮೋಟಾರಿನ ಗೊರಗೊರ, ಇಷ್ಟೂ ಸೇರಿಕೊಂಡವು. ಅಪ್ಪನ ಓದಿಗೆ ಕುಕ್ಕರು ಶ್ರುತಿ ಹಿಡಿಯುವುದು ನನಗೆ ಬೇಡವಾಗಿತ್ತು. ಟೇಪಿನಿಂದ ತಂತಿಯ ಮೂಲಕ ನೇರವಾಗಿ ಗಣಕಯಂತ್ರಕ್ಕೆ ಶಬ್ದವನ್ನು ಹರಿಸಬೇಕು. ಆದರೆ ನಮ್ಮ ಗಣಕಯಂತ್ರವೋ ಹುಟ್ಟುಮೂಕ. ಮೂಕರಿಗೆ ಕಿವಿಯೂ ಕೇಳದೆಂಬುದನ್ನು ಅದು ನಿಜ ಮಾಡಿ ತೋರಿಸಿತ್ತು. "ಒಂದು ಸಣ್ಣ ಯು.ಎಸ್.ಬಿ. ಸೌಂಡ್ ಕಾರ್ಡನ್ನು ಕೊಂಡುಬನ್ನಿ, ಕೆಲವು ನೂರು ರೂಪಾಯಿಯ ಮಾತು" ಎಂದು ಭೌತಶಾಸ್ತ್ರದ ಮಿತ್ರರು ಹೇಳಿದರು. ಅದು ವಿವೇಕದ ಮಾತು; ಆದುದರಿಂದಲೇ ನಾನು ಕೇಳಲಿಲ್ಲ. ಒಳಗೆ ಇರುವ ಕಾರ್ಡು ಹೋದ ವರ್ಷದವರೆಗೆ ಹಾಡುತ್ತಿತ್ತು, ಅದು ಸತ್ತಿಲ್ಲ, ಅದನ್ನು ಮಾತನಾಡಿಸುವವರಿಲ್ಲ ಅಷ್ಟೇ ಎಂಬ ಹಠ ನನ್ನನ್ನು ಹಿಡಿಯಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಯಂತ್ರದಲ್ಲಿ ಅಂಗವಿದ್ದ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ. ಆ ಅಂಗದ ಭಾಷೆಯನ್ನು ಬಲ್ಲ ಒಂದು ಸಣ್ಣ ತಂತ್ರಾಂಶ ನಡುವೆ ಇರಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಡ್ರೈವರ್ ಎನ್ನುತ್ತಾರೆ. ನಾನು ಅದಕ್ಕೆ ಸಾರಥಿ ಎಂದು ಹೆಸರಿಟ್ಟೆ. ವಿರಾಟಪರ್ವದ ಉತ್ತರಕುಮಾರನೂ ಇದೇ ಮಾತನ್ನೇ ಅಲ್ಲವೇ ಹೇಳಿದ್ದು? ರಥವಿದೆ, ಕುದುರೆಯಿದೆ, ಬಿಲ್ಲುಬಾಣಗಳಿವೆ, ಇಲ್ಲದ್ದು ಸಾರಥಿಯೊಬ್ಬನೇ. ನನ್ನ ಯಂತ್ರದ್ದೂ ಅದೇ ಗೋಳು.

ಲಿನಕ್ಸಿನಲ್ಲಿ ಧ್ವನಿಗೂ ಒಂದು ಇತಿಹಾಸವಿದೆ. ಮೊದಲು ಅದಕ್ಕೆ ಬೇರೊಂದು ಏರ್ಪಾಡು ಇತ್ತು. ೧೯೯೮ರಲ್ಲಿ ಯಾರೋಸ್ಲಾವ್ ಕಿಸೇಲಾ ಎಂಬ ಚೆಕ್ ದೇಶದವನು, ತನ್ನ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿಗೆ ಬರೆದ ಸಾರಥಿಯಿಂದ ಮೊದಲುಗೊಂಡು, ಅಲ್ಸಾ ಎಂಬ ಹೊಸ ಏರ್ಪಾಡನ್ನು ಕಟ್ಟಿದನು. ೨೦೦೩ರ ಡಿಸೆಂಬರಿನಲ್ಲಿ ಹೊರಬಂದ ೨.೬ನೆಯ ಆವೃತ್ತಿಯಲ್ಲಿ ಅದೇ ಲಿನಕ್ಸಿನ ಮುಖ್ಯ ಧ್ವನಿವ್ಯವಸ್ಥೆಯಾಯಿತು. ಅದರ ಮೇಲೆ ೨೦೦೪ರಲ್ಲಿ ಪಲ್ಸ್‌ಆಡಿಯೋ ಎಂಬ ಮೇಲ್ವಿಚಾರಕ ಬಂದನು. ೨೦೧೭ರಲ್ಲಿ ಪೈಪ್‌ವೈರ್ ಎಂಬ ಇನ್ನೊಬ್ಬನು ಬಂದು, ಈಚಿನ ವರ್ಷಗಳಲ್ಲಿ ಅನೇಕ ಕಡೆ ಅವನ ಕುರ್ಚಿಯಲ್ಲಿ ಕುಳಿತಿದ್ದಾನೆ. ಹಾಡು ಹೊರಡಬೇಕಾದರೆ ಮೊದಲು ಹಾಡಿಸುವ ತಂತ್ರಾಂಶ ಪೈಪ್‌ವೈರಿಗೆ ಹೇಳಬೇಕು. ಪೈಪ್‌ವೈರ್ ಅಲ್ಸಾಕ್ಕೆ ಹೇಳಬೇಕು. ಅಲ್ಸಾ ಸಾರಥಿಯ ಮೂಲಕ ಚಿಪ್ಪಿಗೆ ಹೇಳಬೇಕು. ಚಿಪ್ಪು ಸ್ಪೀಕರನ್ನು ನಡುಗಿಸಬೇಕು. ಸರಕಾರಿ ಕಾಲೇಜಿನಲ್ಲಿ ರಜೆಯ ಅರ್ಜಿಯನ್ನು ಕಳಿಸಿದವರಿಗೆ ಇದು ಹೊಸದಲ್ಲ. ಅರ್ಜಿ ಮೇಜಿನಿಂದ ಮೇಜಿಗೆ ಸಾಗಬೇಕು. ಎಲ್ಲಿಯೋ ಒಂದು ಮೇಜಿನ ಮೇಲೆ ಅದು ಮಲಗಿದರೆ ಉತ್ತರ ಬರುವುದಿಲ್ಲ. ಎಲ್ಲಿ ಮಲಗಿದೆಯೆಂದು ಯಾರೂ ಹೇಳುವುದೂ ಇಲ್ಲ. ಕಚೇರಿಯ ಅನುಭವದಿಂದ ನಾನು ಕಲಿತ ಸೂತ್ರವೊಂದಿದೆ: ಮೇಲಿನಿಂದ ಕೆಳಕ್ಕೆ ವಿಚಾರಿಸಬಾರದು, ಕೆಳಗಿನಿಂದ ಮೇಲಕ್ಕೆ ವಿಚಾರಿಸಬೇಕು. ಇಲ್ಲಿಯೂ ಹಾಗೆಯೇ ಮಾಡಿದೆ.

ಮೊದಲನೆಯ ರಾತ್ರಿ ಎಲ್.ಎಸ್.ಪಿ.ಸಿ.ಐ. ಎಂಬ ಆಜ್ಞೆಯನ್ನು ಕೊಟ್ಟು, ಯಂತ್ರಕ್ಕೆ ತನ್ನ ಹೊಟ್ಟೆಯಲ್ಲಿ ಧ್ವನಿಯ ಅಂಗವಿರುವುದು ಗೊತ್ತೇ ಎಂದು ಕೇಳಿದೆ. ಗೊತ್ತು ಎಂದಿತು. ಸಾರಥಿ ಏರಿ ಕುಳಿತಿದ್ದಾನೆಯೇ ಎಂದು ಎಲ್.ಎಸ್.ಮಾಡ್ ಎಂಬ ಆಜ್ಞೆಯಿಂದ ಕೇಳಿದೆ. ಎಸ್.ಎನ್.ಡಿ. ಎಚ್.ಡಿ.ಎ. ಇಂಟೆಲ್ ಎಂಬವನು ಕುಳಿತಿದ್ದಾನೆ ಎಂದಿತು. ೨೦೦೪ರಲ್ಲಿ ರೂಪುಗೊಂಡ ಎಚ್.ಡಿ. ಆಡಿಯೋ ಎಂಬ ಪದ್ಧತಿಯ ಕಾರ್ಡುಗಳಿಗೆ ಇವನೇ ಸಾರಥಿ. ಹಾಗಾದರೆ ಅರ್ಜಿ ಎಲ್ಲಿ ನಿಂತಿದೆ? ಕೊನೆಗೆ ಅಲ್ಸಾಮಿಕ್ಸರ್ ಎಂಬುದನ್ನು ತೆರೆದು, ಎಫ್-೬ ಎಂಬ ಕೀಲಿಯನ್ನು ಒತ್ತಿ ನಿಜವಾದ ಕಾರ್ಡನ್ನು ಆರಿಸಿದೆ. ಸಾಲಾಗಿ ಕಂಬಗಳು ನಿಂತವು. ಸ್ಪೀಕರಿನ ಕಂಬದ ಬುಡದಲ್ಲಿ ಎಮ್ ಎಂಬ ಅಕ್ಷರ ಎರಡು ಸಲ ಬರೆದಿತ್ತು. ಅಂದರೆ ಬಾಯಿ ಮುಚ್ಚಿಸಿದೆ ಎಂದು ಅರ್ಥವಂತೆ. ಎಮ್ ಎಂಬ ಕೀಲಿಯನ್ನೇ ಒಮ್ಮೆ ಒತ್ತಿದೆ. ಅಕ್ಷರಗಳು ಹೋಗಿ ಎರಡು ಸೊನ್ನೆಗಳು ಬಂದವು. ಸ್ಪೀಕರ್-ಟೆಸ್ಟ್ ಎಂಬ ಪರೀಕ್ಷೆಯನ್ನು ಓಡಿಸಿದೆ. ರಾತ್ರಿ ಹನ್ನೊಂದೂವರೆ ಗಂಟೆಗೆ, ಮನೆಯೆಲ್ಲ ನಿದ್ದೆ ಹೋಗಿದ್ದಾಗ, ಹೆಣ್ಣುಧ್ವನಿಯೊಂದು "ಫ್ರಂಟ್ ಲೆಫ್ಟ್" ಎಂದಿತು! ನನ್ನ ಹೆಂಡತಿ ಎದ್ದು ಬಂದು, "ಯಾರದು?" ಎಂದು ಕೇಳಿದಳು. ನಾನು ವಿವರಿಸಿದೆ. ಅವಳು ನಂಬಿದಳೆಂದು ಈಗಲೂ ಖಂಡಿತವಾಗಿ ಹೇಳಲಾರೆ.

ಎರಡು ತಿಂಗಳ ಮೌನಕ್ಕೆ ಒಂದು ಕೀಲಿಯ ಒತ್ತು ಔಷಧ! ಈ ಗೆಲುವಿನ ಮದವೇ ಮರುದಿನ ನನ್ನನ್ನು ಕೆಡಿಸಿತು.

ಮೂಕನಿಗೆ ಮಾತು ಬಂದಿತ್ತು. ಇನ್ನು ಕಿವಿ ಬರಬೇಕಾಗಿತ್ತು. ನನ್ನ ಲ್ಯಾಪ್‌ಟಾಪಿಗೆ ಇರುವುದು ಒಂದೇ ತೂತು. ಕೇಳಿಸುವುದಕ್ಕೂ ಅದೇ, ಕೇಳುವುದಕ್ಕೂ ಅದೇ. ಟೇಪಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಯಂತ್ರವು, "ಓಹೋ, ಇಯರ್‌ಫೋನು ಬಂತು" ಎಂದು ತಿಳಿದು ಅದರೊಳಕ್ಕೆ ತಾನೇ ಹಾಡಲು ತೊಡಗುತ್ತಿತ್ತು. ಅತ್ತ ಕಡೆಯಿಂದ ಬರುವುದಕ್ಕೆ ಕಿವಿಗೊಡುತ್ತಿರಲಿಲ್ಲ. ನಾಲ್ಕು ಉಂಗುರದ ಕೊಂಡಿಯನ್ನು ತಂದು, ಅದರ ಮೈಕಿನ ಕವಲಿಗೆ ಟೇಪನ್ನು ಜೋಡಿಸಿದರೂ ಫಲವಿಲ್ಲ. ಯಾರೋ ಪುಣ್ಯಾತ್ಮರು ಯಾವುದೋ ಯಂತ್ರಕ್ಕೆ ಹೇಳಿದ್ದ ಮದ್ದನ್ನು ಓದಿ ನನ್ನ ಯಂತ್ರಕ್ಕೆ ತಿನ್ನಿಸಿದೆ. ಅದು ಹೊರಗಿನ ಸೌಂಡ್ ಕಾರ್ಡು ಇರುವವರಿಗೆ ಹೇಳಿದ್ದು. ಒಳಗಿನ ಕಾರ್ಡಿನ ಸಾರಥಿಯನ್ನು ನಿಷೇಧಪಟ್ಟಿಗೆ ಸೇರಿಸುವ ಒಂದು ಸಾಲು. ಪೂರ್ತಿ ಓದದೆ ಬರೆದುಬಿಟ್ಟೆ. ಯಂತ್ರವನ್ನು ಆರಿಸಿ ಹಚ್ಚಿದಾಗ ಧ್ವನಿಯ ಪಟ್ಟಿಯಲ್ಲಿ ಉಳಿದ ಹೆಸರು ಒಂದೇ: "ಡಮ್ಮಿ ಔಟ್‌ಪುಟ್." ಕಾರ್ಡೇ ಸಿಕ್ಕದಿದ್ದಾಗ ಯಂತ್ರವು ಒಂದು ಬೊಂಬೆಯನ್ನು ಕೂರಿಸಿ, ಹಾಡೆಲ್ಲವನ್ನೂ ಅದರ ಮುಂದೆ ಸುರಿಯುತ್ತದೆಯಂತೆ. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿರೆಂದು ವರ್ಷಕ್ಕೆ ಇನ್ನೂರು ಹುಡುಗರಿಗೆ ಬುದ್ಧಿ ಹೇಳುವ ಮನುಷ್ಯ ನಾನು!

ಎರಡನೆಯ ದಿನ ಹೀಗೆ ಹೋಯಿತು. ಮೂರನೆಯ ದಿನವೂ ಹೋಯಿತು. ಕಾಲೇಜಿನಿಂದ ಬಂದವನು ಅಂಗಿ ಬಿಚ್ಚುವ ಮೊದಲೇ ಯಂತ್ರದ ಮುಂದೆ ಕೂರುತ್ತಿದ್ದೆ. ಅಮ್ಮ ಬಂದು ಊರಿನ ಸುದ್ದಿಯನ್ನು ತೆಗೆಯುವಳು. ನಾನು "ಹ್ಞಾ", "ಹ್ಞೂ" ಎನ್ನುವೆನು. ನಾಲ್ಕನೆಯ ದಿನ ರಾತ್ರಿ ಅವಳು ಒಂದು ಲೋಟ ಹಾಲನ್ನು ಮೇಜಿನ ಮೇಲೆ ಇಟ್ಟು, ಕೋಪವಿಲ್ಲದ ದನಿಯಲ್ಲಿ, "ಹೋದವರ ಮಾತು ಕೇಳುವುದಕ್ಕೆ ಇಷ್ಟು ಪಾಡು ಪಡುತ್ತೀಯಲ್ಲ, ನಾನು ಬಂದು ಆರು ದಿನವಾಯಿತು. ನಾನು ಏನು ಹೇಳಿದೆ ಎಂದು ಒಂದಾದರೂ ನೆನಪಿದೆಯೇ ನಿನಗೆ?" ಎಂದು ಕೇಳಿದಳು.

ನೆನಪಿರಲಿಲ್ಲ. ಒಂದು ಸುಳ್ಳನ್ನು ಹೊಸೆಯೋಣವೆಂದರೆ ಅದೂ ಹೊಳೆಯಲಿಲ್ಲ. ಯಂತ್ರದ ಬಾಗಿಲನ್ನು ಮುಚ್ಚಿದೆ. ಆ ರಾತ್ರಿ ನಾವಿಬ್ಬರೂ ಅಡಿಗೆಮನೆಯ ಹೊಸ್ತಿಲ ಬಳಿ ಕುಳಿತು ಒಂದು ಗಂಟೆಯವರೆಗೆ ಮಾತನಾಡಿದೆವು. ಅಣ್ಣನ ಮನೆಯ ಹಸು ಕರು ಹಾಕಿದ್ದು, ಬಾವಿಯ ನೀರು ಇಳಿದದ್ದು, ನೆರೆಮನೆಯವರ ಮಗ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ್ದು, ಇವೆಲ್ಲ ಆದಮೇಲೆ ಮಾತು ಕ್ಯಾಸೆಟ್ಟಿಗೆ ತಿರುಗಿತು. ಅಂದು ಅಪ್ಪನಿಗೆ ಕೆಮ್ಮು ಇತ್ತಂತೆ. ಓದಬೇಡಿರೆಂದು ಅವಳು ಹೇಳಿದ್ದಳಂತೆ. "ಆದರೂ ಶ್ರುತಿ ಇಳಿಸಲಿಲ್ಲ ನೋಡು. ಅವರದು ಯಾವಾಗಲೂ ಒಂದೂವರೆ ಮನೆ. ಹಾರ್ಮೋನಿಯಂ ಹಿಡಿಯುತ್ತಿದ್ದವರು, ಮೇಷ್ಟ್ರೇ ಇವತ್ತು ಒಂದು ಮನೆಗೆ ಇಳಿಸಿಕೊಳ್ಳಿ ಎಂದರೂ ಒಪ್ಪಲಿಲ್ಲ" ಎಂದಳು. ಈ ಮಾತನ್ನು ನಾನು ಸುಮ್ಮನೆ ಕೇಳಿಸಿಕೊಂಡೆ. ಅದಕ್ಕೆ ಬೆಲೆ ಬಂದದ್ದು ಆಮೇಲೆ.

ಮರುದಿನ ಸಮಾಧಾನದಿಂದ ಕುಳಿತೆ. ನಿಷೇಧದ ಸಾಲನ್ನು ಅಳಿಸಿದೆ. ಸಾರಥಿ ಮರಳಿ ರಥವನ್ನೇರಿದನು. ಬಳಿಕ ಪ್ರೋಕ್ ಎಂಬ ಕೋಶದೊಳಗೆ ಅಸೌಂಡ್ ಎಂಬಲ್ಲಿ ಇರುವ ಕೋಡೆಕ್ ಎಂಬ ಕಡತವನ್ನು ತೆರೆದೆ. ಧ್ವನಿಯ ಚಿಪ್ಪಿಗೆ ಎಷ್ಟು ಕಾಲುಗಳಿವೆ, ಯಾವ ಕಾಲು ಯಾವ ತೂತಿಗೆ ಹೋಗುತ್ತದೆ ಎಂಬುದರ ಪಟ್ಟಿ ಅದು. ಹಳೆಯ ಓಲೆಗರಿಯನ್ನು ಓದುವವನಂತೆ ಸಾಲುಸಾಲಾಗಿ ಓದಿದೆ. ಒಂದು ಕಾಲಿನ ಎದುರಿಗೆ, ಇದು ಎಲ್ಲಿಗೂ ಸೇರಿಲ್ಲ ಎಂದು ಬರೆದಿತ್ತು. ಅದು ಮೈಕಿನ ಕಾಲು! ಯಂತ್ರವನ್ನು ಕಟ್ಟಿದವರು ತಂತಿಯನ್ನೇನೋ ಎಳೆದಿದ್ದಾರೆ. ಪಟ್ಟಿಯಲ್ಲಿ ಬರೆಯುವಾಗ ಬಿಟ್ಟಿದ್ದಾರೆ. ಗ್ರಂಥಸಂಪಾದನೆಯ ತರಗತಿಯಲ್ಲಿ ಇದಕ್ಕೆ ನಾವು ಲಿಪಿಕಾರನ ಪ್ರಮಾದವೆಂದು ಹೇಳುತ್ತೇವೆ. ಕವಿ ಬರೆದಿದ್ದಾನೆ, ಪ್ರತಿ ಮಾಡಿದವನು ಬಿಟ್ಟಿದ್ದಾನೆ.

ಆಗ ನನಗೆ ಲಿನಕ್ಸಿನ ದೊಡ್ಡತನ ನಿಜವಾಗಿ ಅರ್ಥವಾಯಿತು. ಅದರ ಧ್ವನಿಸಾರಥಿಯ ಮೂಲಬರಹದೊಳಗೆ ನೂರಾರು ಸಾಲುಗಳ ಒಂದು ಕೋಷ್ಟಕವಿದೆ. ಇಂಥ ಮಾದರಿಯ ಯಂತ್ರದಲ್ಲಿ ಇಂಥ ಕಾಲಿನ ವಿಷಯ ತಪ್ಪಾಗಿ ನಮೂದಾಗಿದೆ, ಹೀಗೆ ತಿದ್ದಿಕೊಳ್ಳಿ ಎಂಬ ಸಾಲುಗಳು. ಅಚ್ಚಾದ ಪುಸ್ತಕದ ಕೊನೆಯಲ್ಲಿ ಬರುವ ಒಪ್ಪೋಲೆಯಲ್ಲದೆ ಅದು ಬೇರೆಯಲ್ಲ. ಅಂಥ ತಿದ್ದುಪಡಿಗಳ ಹಿಂದೆಲ್ಲ ಒಬ್ಬ ಮನುಷ್ಯನಿದ್ದಾನೆ. ಎಲ್ಲಿಯೋ ಒಂದು ಊರಿನಲ್ಲಿ, ಒಂದು ರಾತ್ರಿ, ಮಾತನಾಡದ ಯಂತ್ರದ ಮುಂದೆ ಕುಳಿತು ಕಾರಣವನ್ನು ಹುಡುಕಿ, ತನಗೆ ಸಿಕ್ಕಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಒಪ್ಪಿಸಿದವನು. ನನ್ನ ಯಂತ್ರದ ಮಾದರಿ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದವರಿಗೂ ದಾರಿಯಿತ್ತು. ಇ.ಟಿ.ಸಿ. ಎಂಬ ಕೋಶದೊಳಗಿನ ಮಾಡ್‌ಪ್ರೋಬ್-ಡಿ ಎಂಬಲ್ಲಿ ಒಂದು ಸಾಲು ಬರೆದು, ಈ ಸಾರಥಿಗೆ ನನ್ನ ಯಂತ್ರದ ಮಾದರಿಯು "ಹೆಡ್‌ಸೆಟ್-ಮೈಕ್" ಎಂದು ಹೇಳಿದರೆ, ಒಂದೇ ತೂತಿನಲ್ಲಿ ಎರಡು ಕೆಲಸವಿದೆಯೆಂದು ಅವನು ತಿಳಿಯುತ್ತಾನೆ. ಈ ಸಲ ಎಲ್ಲವನ್ನೂ ಎರಡು ಬಾರಿ ಓದಿ ಆಮೇಲೆ ಬರೆದೆ. ಯಂತ್ರವನ್ನು ಆರಿಸಿ ಹಚ್ಚಿದೆ. ಧ್ವನಿಯ ಪಟ್ಟಿಯಲ್ಲಿ ಹೊಸದಾಗಿ ಮೈಕು ಮೂಡಿತ್ತು.

ಇಷ್ಟಕ್ಕೇ ಅಪ್ಪನ ಕ್ಯಾಸೆಟ್ಟನ್ನು ಹಾಕಲಿಲ್ಲ. ಬುದ್ಧಿ ಬಂದಿತ್ತು. ಸಿನಿಮಾ ಹಾಡನ್ನೇ ಹಾಕಿ ಪರೀಕ್ಷಿಸಿದೆ. ಹಾಡುಗಾರನು ಬಾಣಲೆಯಲ್ಲಿ ಬೆಂದವನಂತೆ ಕಿರುಚಿದನು. ಮೈಕಿನ ದಾರಿ ಇರುವುದು ಪಿಸುಮಾತಿನಂಥ ಕ್ಷೀಣ ಶಬ್ದಕ್ಕೆ. ಟೇಪಿನಿಂದ ಬರುವುದು ಪ್ರವಾಹ. ಅಲ್ಸಾಮಿಕ್ಸರಿನಲ್ಲಿ ಮೈಕ್ ಬೂಸ್ಟ್ ಎಂಬ ಕಂಬವನ್ನು ಸೊನ್ನೆಗೆ ಇಳಿಸಿ, ಟೇಪಿನ ಶಬ್ದವನ್ನೂ ತಗ್ಗಿಸಿ, ಮೂರು ಸಲ ನೋಡಿದೆ. ಹಾಡು ತಿಳಿಯಾಯಿತು. ಯಂತ್ರವು ಸೆಕೆಂಡಿಗೆ ೪೮,೦೦೦ ಸಲ ಶಬ್ದವನ್ನು ಅಳೆದು ಬರೆದುಕೊಳ್ಳುತ್ತಿತ್ತು. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ ೧೦೨ ಮಾತ್ರೆ ಎಂದು ಎಣಿಸಿ ಸುಸ್ತಾಗುವ ನನ್ನ ವಿದ್ಯಾರ್ಥಿಗಳು ಇದನ್ನು ನೋಡಬೇಕಾಗಿತ್ತು!

ಶನಿವಾರ ಮಧ್ಯಾಹ್ನ ಅಪ್ಪನ ಕ್ಯಾಸೆಟ್ಟನ್ನು ಹಾಕಿದೆ. ಫ್ಯಾನು, ಕುಕ್ಕರು ಯಾವುದರ ಹೆದರಿಕೆಯೂ ಇರಲಿಲ್ಲ. ಆದರೂ ಮನೆಯವರೆಲ್ಲ ಮೂಕರಾಗಿ ಕುಳಿತಿದ್ದರು. ಕ್ಯಾಸೆಟ್ಟಿನ ಒಂದು ಮಗ್ಗುಲು ಮೂವತ್ತು ನಿಮಿಷ. ನಡುವೆ ಎರಡು ಕಡೆ ಶಬ್ದ ಮಸುಕಾಯಿತು. ಒಂದು ಕಡೆ ಪದ್ಯಾರ್ಧವೇ ಹೋಯಿತು. ಉಳಿದುದೆಲ್ಲ ಬಂತು. ಉತ್ತರಕುಮಾರನು ಹೆಂಗಸರ ಮುಂದೆ ಜಂಬ ಕೊಚ್ಚುವ ಭಾಗ ಅದು. ಜಗಲಿಯಲ್ಲಿ ಕುಳಿತಿದ್ದವರು ನಗುವುದೂ ಕೇಳಿಸಿತು. ಮುಗಿದ ಮೇಲೆ ಟೇಪಿನ ತಲೆಯ ಮೇಲೆ ಕಂದುಪುಡಿ ಹಿಟ್ಟಿನಂತೆ ಕುಳಿತಿತ್ತು.

ಹಿಡಿದುದನ್ನು ಅಮ್ಮನಿಗೆ ಕೇಳಿಸಿದೆ. ಅವಳು ತಲೆಯನ್ನು ಓರೆ ಮಾಡಿ ಎರಡು ಪದ್ಯಗಳನ್ನು ಕೇಳಿ, "ಓದುವ ರೀತಿ ಅವರದೇ. ಆದರೆ ಧ್ವನಿ ಅವರದಲ್ಲ. ಇಷ್ಟು ದಪ್ಪ ಇರಲಿಲ್ಲ" ಎಂದಳು.

ನನ್ನ ಕೈಕಾಲು ತಣ್ಣಗಾಯಿತು. ಕಿವಿ ಮಂದವಾದ್ದರಿಂದ ಹಾಗೆ ಕೇಳುತ್ತಿದೆಯೆಂದು ಮೊದಲು ತಿಳಿದೆ. ಆಮೇಲೆ ಅಡಿಗೆಮನೆಯ ಹೊಸ್ತಿಲ ಬಳಿ ಅವಳು ಆಡಿದ ಮಾತು ನೆನಪಿಗೆ ಬಂತು. ಮಗಳ ಸಂಗೀತದ ಶ್ರುತಿಪೆಟ್ಟಿಗೆಯನ್ನು ತಂದು ಒಂದೂವರೆ ಮನೆಗೆ ಇಟ್ಟೆ. ಅಪ್ಪನ ಧ್ವನಿ ಕೂಡಲಿಲ್ಲ. ಒಂದು ಮನೆಗೆ ಇಟ್ಟೆ, ಕೂಡಿತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ೪.೭೬ ಸೆಂಟಿಮೀಟರು ಸಾಗಬೇಕು. ಹೊಸ ಪಟ್ಟಿಯ ಬಿಗಿಯೋ ಹಳೆಯ ಮೋಟಾರಿನ ಆಯಾಸವೋ, ನಮ್ಮದು ಅಷ್ಟು ಸಾಗುತ್ತಿರಲಿಲ್ಲ. ನಿಧಾನವಾದರೆ ಧ್ವನಿ ಇಳಿಯುತ್ತದೆ, ದಪ್ಪವಾಗುತ್ತದೆ. ಅರ್ಧ ಮನೆಯ ಅಂತರವೆಂದರೆ ನೂರಕ್ಕೆ ಸುಮಾರು ಆರರಷ್ಟು. ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಓದಿನ ವೇಗವನ್ನು ಅಷ್ಟೇ ಏರಿಸಿದೆ. ಮತ್ತೆ ಕೇಳಿಸಿದೆ.

ಅಮ್ಮ ಏನನ್ನೂ ಹೇಳಲಿಲ್ಲ. ಸೆರಗನ್ನು ಸರಿಮಾಡಿಕೊಂಡು, ಅಪ್ಪ ಎದುರಿಗೆ ಬಂದಾಗ ಕುಳಿತುಕೊಳ್ಳುತ್ತಿದ್ದ ರೀತಿಯಲ್ಲಿ, ಸ್ವಲ್ಪ ಓರೆಯಾಗಿ ಕುಳಿತಳು. ನಾಲ್ಕು ದಿನ ಯಂತ್ರವನ್ನು ನಾನು ತಿದ್ದಿದ್ದೆ. ಕೊನೆಯ ತಿದ್ದುಪಡಿ ಅವಳದಾಗಿತ್ತು. ಅಂದು ರಾತ್ರಿ ನಾನು ಅವಳ ಮಾತಿಗೆ ಕಿವಿಗೊಡದಿದ್ದರೆ, ಯಾರೋ ದಪ್ಪ ಧ್ವನಿಯ ಗಮಕಿಯೊಬ್ಬರನ್ನು ಅಪ್ಪನೆಂದು ನನ್ನ ಮಗಳಿಗೆ ಪರಿಚಯ ಮಾಡಿಕೊಡುತ್ತಿದ್ದೆ.

ಓದಿನ ಕೊನೆಯಲ್ಲಿ ಇನ್ನೂ ಅರ್ಧ ನಿಮಿಷ ಟೇಪು ಓಡಿತ್ತು. ಅಪ್ಪ ಕೆಮ್ಮುತ್ತಾರೆ. ನೀರು ಕುಡಿದು ಲೋಟವನ್ನು ಕಲ್ಲಿನ ಮೇಲೆ ಇಡುವ ಸದ್ದು ಬರುತ್ತದೆ. ಆಮೇಲೆ, "ಮೋಡ ಏನಾದರೂ ಕಟ್ಟಿದೆಯೇನಪ್ಪ?" ಎಂದು ಕೇಳುತ್ತಾರೆ. ದೂರದಿಂದ ಯಾರೋ, "ಇಲ್ಲ ಮೇಷ್ಟ್ರೇ" ಎನ್ನುತ್ತಾರೆ. "ಹಾಗಾದರೆ ನಾಳೆಯೂ ಓದೋಣ" ಎನ್ನುತ್ತಾರೆ ಅಪ್ಪ. ಅಲ್ಲಿಗೆ ಟೇಪು ಮುಗಿಯುತ್ತದೆ.

ಅಮ್ಮ ಭಾನುವಾರ ಊರಿಗೆ ಹೋದಳು. ಅಪ್ಪನ ಓದು ಈಗ ಅಣ್ಣನ ಮನೆಯಲ್ಲಿಯೂ ನಮ್ಮ ಮನೆಯಲ್ಲಿಯೂ ಇದೆ. ಆ ಸೋಮವಾರ ಕಾಲೇಜಿನಿಂದ ಬಂದು ನಾನು ಇನ್ನೊಂದು ಕೆಲಸವನ್ನು ಮಾಡಿದೆ. ಅಲ್ಸಾ-ಇನ್‌ಫೋ ಎಂಬುದನ್ನು ಓಡಿಸಿದರೆ ಯಂತ್ರದ ಧ್ವನಿಯ ಜಾತಕವೆಲ್ಲ ಒಂದು ಕಡತವಾಗಿ ಬರುತ್ತದೆ. ಅದರ ಜೊತೆಗೆ, ಈ ಮಾದರಿಯಲ್ಲಿ ಮೈಕಿ‌ನ ಕಾಲು ಇದೆ, ಪಟ್ಟಿಯಲ್ಲಿ ಬಿಟ್ಟುಹೋಗಿದೆ, ಹೀಗೆ ಹೇಳಿದರೆ ಸರಿಹೋಗುತ್ತದೆ ಎಂದು ನಾಲ್ಕು ಸಾಲು ಬರೆದು, ಆ ಸಾರಥಿಯನ್ನು ನೋಡಿಕೊಳ್ಳುವವರಿಗೆ ಕಳಿಸಿದೆ. ಅವರು ಅದನ್ನು ಒಪ್ಪೋಲೆಗೆ ಸೇರಿಸುವರೋ ಬಿಡುವರೋ ಅವರ ಚಿತ್ತ. ಸೇರಿಸಿದರೆ, ಇದೇ ಮಾದರಿಯ ಯಂತ್ರವನ್ನು ಇಟ್ಟುಕೊಂಡ ಮತ್ತೊಬ್ಬನು, ನಾಲ್ಕು ರಾತ್ರಿ ಕೂರದೆ, ತಾಯಿಯ ಮಾತಿಗೆ ನೇರವಾಗಿ ಕಿವಿಗೊಟ್ಟಾನು.